ಮನೆಯಲ್ಲೇ ಪಾಲಿಶ್ ಮಾಡೋಕೆ ಯಾವ ಆರ್ಬಿಟಲ್ ಪಾಲಿಶರ್? 8, 15, 21 – ಯಾವುದು ಸಾಕು?

ನೀಲಿಬಾನೆಟ್
ಎಲ್ಲರಿಗೂ ನಮಸ್ಕಾರ. ನನ್ನದು ಕಡು ನೀಲಿ ಸೆಡಾನ್. ಫ್ಯಾಕ್ಟರಿ ಪೇಂಟು, ಎಲ್ಲೂ ರೀಪೇಂಟ್ ಆಗಿಲ್ಲ. ನೆರಳಲ್ಲಿ ನೋಡಿದರೆ ಹೊಸ ಗಾಡಿ ಅನ್ನಬೇಕು. ಬಿಸಿಲಿಗೆ ಬಂತೋ, ಬಾನೆಟ್ ತುಂಬ ಸುತ್ತು ಸುತ್ತು ಸಣ್ಣ ಗೀರು. ತೊಳೆಯುವುದು, ವ್ಯಾಕ್ಸ್ ಹಾಕುವುದು ಎಲ್ಲ ನಾನೇ ಮಾಡುತ್ತೇನೆ. ಈಗ ಪಾಲಿಶ್ ಮಿಷನ್ ಒಂದು ತಗೊಳ್ಳೋಣ ಅಂತ ಕೂತರೆ, ಓದಿದಷ್ಟೂ ತಲೆ ಕೆಡುತ್ತಿದೆ. ಒಬ್ಬರು 8 ಮಿಮೀ ಥ್ರೋ ಸಾಕು ಅಂತಾರೆ. ಇನ್ನೊಬ್ಬರು 15ಕ್ಕಿಂತ ಕಡಿಮೆ ತಗೊಂಡರೆ ದುಡ್ಡು ದಂಡ ಅಂತಾರೆ. 21ರವರಂತೂ ಉಳಿದವರನ್ನು ಲೆಕ್ಕಕ್ಕೇ ಇಟ್ಟುಕೊಂಡಿಲ್ಲ. ಮಧ್ಯೆ ಫೋರ್ಸ್ಡ್ ರೊಟೇಶನ್ ಅಂತ ಇನ್ನೊಂದು ಪಂಗಡ.

ನನಗೆ ಬೇಕಿರುವುದು ಒಂದು ಸಲ ಪೂರ್ತಿ ಗಾಡಿ ಸರಿ ಮಾಡಿಕೊಂಡು, ಆಮೇಲೆ ಅದನ್ನು ಹಾಗೇ ಉಳಿಸಿಕೊಳ್ಳುವುದು ಅಷ್ಟೇ. ವಾಟ್ ನೋಡಬೇಕಾ, ಥ್ರೋ ನೋಡಬೇಕಾ, ಬೇರೆ ಏನಾದರೂ ನೋಡಬೇಕಾ?

ಪ್ಯಾಡ್‌ಮೇಷ್ಟ್ರು
ಮೊದಲು ಥ್ರೋ ಅಂದರೇನು ಅಂತ ಸರಿ ಮಾಡಿಕೊಳ್ಳೋಣ. ಎಷ್ಟೋ ಜನ ಅದನ್ನು ಮಿಷನ್ನಿನ ಶಕ್ತಿ ಅಂದುಕೊಳ್ಳುತ್ತಾರೆ. ಹಾಗಲ್ಲ. ಪ್ಯಾಡಿನ ನಡುಬಿಂದು ಒಂದು ಸಣ್ಣ ವೃತ್ತ ಹಾಕುತ್ತಾ ತಿರುಗುತ್ತದೆ. ಆ ವೃತ್ತದ ಅಗಲವೇ ಥ್ರೋ. 8 ಮಿಮೀ ಮಿಷನ್ನಿನಲ್ಲಿ ಒಂದು ಸುತ್ತಿಗೆ ಪ್ಯಾಡು ಸುಮಾರು 25 ಮಿಮೀ ಓಡುತ್ತದೆ, 15ರಲ್ಲಿ 47, 21ರಲ್ಲಿ 66.

ಇದನ್ನು ವೇಗಕ್ಕೆ ಗುಣಿಸಿ ನೋಡಿ. 8 ಮಿಮೀ ಮಿಷನ್ ನಿಮಿಷಕ್ಕೆ 6000 ಸುತ್ತು ಹಾಕಿದರೆ ಸುಮಾರು 150 ಮೀಟರ್ ಉಜ್ಜಿದ ಹಾಗೆ. 15 ಮಿಮೀ ಮಿಷನ್ 4500ರಲ್ಲೇ 210 ಮೀಟರ್ ದಾಟುತ್ತದೆ. ಅಂದರೆ ದೊಡ್ಡ ಥ್ರೋ ಮಿಷನ್ ಕಡಿಮೆ ವೇಗದಲ್ಲಿ ಅದೇ ಕೆಲಸ ಮುಗಿಸುತ್ತದೆ. ಅಷ್ಟೇ ವ್ಯತ್ಯಾಸ. 8 ಮಿಮೀಯಲ್ಲಿ ಆಗದ ಕೆಲಸ ಅಂತ ಕಡಿಮೆ, ಟೈಮ್ ಜಾಸ್ತಿ ಹಿಡಿಯುತ್ತದೆ. ಪೋರ್ಟರ್ ಕೇಬಲ್ ಕಂಪನಿಯ 7424 ಎಕ್ಸ್‌ಪಿ ಮಿಷನ್ 8 ಮಿಮೀಯದ್ದೇ, ಅದನ್ನು ಹಿಡಿದು ಪಾಲಿಶ್ ಕಲಿತವರು ಎಷ್ಟು ಜನ ಬೇಕು!

ವಾಟ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಅದು ಮಿಷನ್ ತಿನ್ನುವ ಕರೆಂಟಿನ ಲೆಕ್ಕ. ಒತ್ತಿದಾಗ ವೇಗ ಬೀಳದ ಹಾಗೆ ಹಿಡಿದಿಡುವ ಎಲೆಕ್ಟ್ರಾನಿಕ್ಸ್ ಇದೆಯಾ, ಸಾಫ್ಟ್ ಸ್ಟಾರ್ಟ್ ಇದೆಯಾ ಅಂತ ಕೇಳಿ. ಸಾಫ್ಟ್ ಸ್ಟಾರ್ಟ್ ಇಲ್ಲದಿದ್ದರೆ ಸ್ವಿಚ್ ಒತ್ತಿದ ಕೂಡಲೇ ಕಾಂಪೌಂಡು (ಗೀರು ಉಜ್ಜಿ ತೆಗೆಯುವ ಒರಟು ಪಾಲಿಶ್) ನಿಮ್ಮ ಮುಖಕ್ಕೇ.

ಗೇರ್‌ಪ್ರಿಯ
> 8 ಮಿಮೀಯಲ್ಲಿ ಆಗದ ಕೆಲಸ ಅಂತ ಕಡಿಮೆ

ಮೇಷ್ಟ್ರೇ, ಇದು ಸಪಾಟಾದ ಬಾನೆಟ್‌ಗೆ ಸರಿ. ಮಡ್‌ಗಾರ್ಡ್ ಮೇಲೆ, ಬಾಗಿಲಿನ ಗೆರೆಗಳ ಮೇಲೆ ಇಡಿ ನೋಡೋಣ. ಫ್ರೀ ಸ್ಪಿಂಡಲ್ ಮಿಷನ್ನಿನಲ್ಲಿ ಪ್ಯಾಡು ತನ್ನ ಸುತ್ತ ತಾನು ತಿರುಗುವುದು ಬರೀ ಬೇರಿಂಗಿನ ದಯೆಯಿಂದ. ಉಬ್ಬು ತಗ್ಗು ಬಂದರೆ ಒಂದು ಅಂಚಿಗೆ ಒತ್ತಡ ಬಿದ್ದು ಪ್ಯಾಡು ನಿಂತೇ ಬಿಡುತ್ತದೆ. ಅಲುಗಾಟ ಮಾತ್ರ ಉಳಿಯುತ್ತದೆ, ಗೀರು ಹಾಗೇ ಇರುತ್ತದೆ. ಫೋರ್ಸ್ಡ್ ರೊಟೇಶನ್ನಿನಲ್ಲಿ ಗೇರ್ ಇದೆ, ಒತ್ತಿದರೂ ನಿಲ್ಲುವುದಿಲ್ಲ. ಫ್ಲೆಕ್ಸ್ ಕಂಪನಿಯ ಎಕ್ಸ್‌ಸಿ 3401 ನೋಡಿ. ಥ್ರೋ ಬರೀ 8 ಮಿಮೀ, ಆದರೂ 21ರ ಪಕ್ಕ ನಿಲ್ಲುತ್ತದೆ.

ಪ್ಯಾಡ್‌ಮೇಷ್ಟ್ರು
ಒಪ್ಪಿದೆ, ಆದರೆ ಅರ್ಧ. ಆ ಮಿಷನ್ ನೊಗಕ್ಕೆ ಹೊಸದಾಗಿ ಕಟ್ಟಿದ ಹೋರಿ ಥರ ಒಂದು ಕಡೆಗೆ ಎಳೆಯುತ್ತದೆ. ಹಿಡಿತ ಬರುವವರೆಗೆ ಕೈ ನೋವು. ಬಿಸಿಯೂ ಜಾಸ್ತಿ. ಅಂಚಿನ ಮೇಲೆ ಒಂದು ಕ್ಷಣ ಮರೆತು ನಿಂತರೂ, ಫ್ರೀ ಸ್ಪಿಂಡಲ್ ಆದರೆ ಪ್ಯಾಡ್ ನಿಂತು ನಿಮ್ಮನ್ನು ಕಾಪಾಡುತ್ತದೆ. ಗೇರ್ ಮಿಷನ್ ಕಾಪಾಡುವುದಿಲ್ಲ. ಹೊಸಬರಿಗೆ ನಿಂತುಹೋಗುವ ಪ್ಯಾಡೇ ಒಳ್ಳೇದು.

ನೀಲಿಬಾನೆಟ್ ಅವರೇ, ಪ್ಯಾಡು ತಿರುಗುತ್ತಿದೆಯಾ ಅಂತ ಗೊತ್ತಾಗೋಕೆ ಒಂದು ಉಪಾಯ. ಪ್ಯಾಡ್ ಅಂಟಿಕೊಳ್ಳುವ ತಟ್ಟೆ ಇದೆಯಲ್ಲ, ಆ ಬ್ಯಾಕಿಂಗ್ ಪ್ಲೇಟಿನ ಬೆನ್ನ ಮೇಲೆ ಮಾರ್ಕರ್‌ನಲ್ಲಿ ನಡುವಿನಿಂದ ಅಂಚಿಗೆ ದಪ್ಪ ಗೆರೆ ಎಳೆಯಿರಿ. ಮಿಷನ್ ಓಡುವಾಗ ಆ ಗೆರೆ ನಿಧಾನವಾಗಿ ಸುತ್ತು ಹಾಕುವುದು ಕಾಣಬೇಕು. ಒಂದೇ ಕಡೆ ನಿಂತು ನಡುಗುತ್ತಿದ್ದರೆ ಪ್ಯಾಡು ನಿಂತಿದೆ ಅಂತ ಅರ್ಥ. ಆಗ ಒತ್ತಡ ಸ್ವಲ್ಪ ಬಿಡಿ, ಮಿಷನ್ನಿನ ತಲೆಯನ್ನು ಕೂದಲೆಳೆಯಷ್ಟು ವಾಲಿಸಿ ಸಪಾಟು ಮಾಡಿ. ಗೆರೆ ಮತ್ತೆ ಹೊರಡುತ್ತದೆ. ಸ್ವಲ್ಪ ದಿನಕ್ಕೆ ಗೆರೆ ನೋಡುವುದೇ ಬೇಡ, ಕಿವಿಗೇ ಗೊತ್ತಾಗುತ್ತದೆ. ತಿರುಗುವಾಗ ಸದ್ದು ಏರಿಳಿಯುತ್ತಾ ಹೋಗುತ್ತದೆ, ನಿಂತಾಗ ಒಂದೇ ಸಮನೆ ಗುಂಯ್ ಅನ್ನುತ್ತದೆ.

ಹಳೇಗಾಡಿ
ನೀವೆಲ್ಲ ಇಷ್ಟು ಮಾತಾಡುವ ಹೊತ್ತಿಗೆ ರೋಟರಿಯಲ್ಲಿ (ಅಲುಗಾಟ ಇಲ್ಲದೆ ಬರೀ ಗಿರಗಿರ ತಿರುಗುವ ಮಿಷನ್) ಒಂದು ಬಾಗಿಲು ಮುಗಿದಿರುತ್ತಿತ್ತು 😀 ನನ್ನದು ಹಳೇ ಕಾಲದ ಸಿಂಗಲ್ ಸ್ಟೇಜ್ ಪೇಂಟು, ಬಣ್ಣದ ಮೇಲೆ ಬಳಿಯುವ ಪಾರದರ್ಶಕ ಪದರ, ಅಂದರೆ ಕ್ಲಿಯರ್ ಕೋಟೇ ಇಲ್ಲ. ಪ್ಯಾಡಿಗೆ ಗಾಡಿಯ ಬಣ್ಣ ಹತ್ತುತ್ತದೆ. ಮೊದಲ ಸಲ ನೋಡುವವರು ಗಾಬರಿಯಾಗಬೇಡಿ, ಅದು ಹಾಗೇ. ಮಂಕಾದ ಹಳೇ ಪೇಂಟಿಗೆ ರೋಟರಿಯ ಮುಂದೆ ಯಾವುದೂ ಇಲ್ಲ.

ಆದರೆ ನೀಲಿ ಗಾಡಿಗೆ ತಗೋ ಅಂತ ನಾನೂ ಹೇಳಲ್ಲ. ಒಂದೇ ದಿಕ್ಕಿಗೆ ತಿರುಗುವ ಪ್ಯಾಡು ಕಡು ಬಣ್ಣದ ಮೇಲೆ ಹೊಗೆಯಾಡಿದ ಹಾಗೆ ಕಾಣುವ ಗುರುತು, ಹೊಲೊಗ್ರಾಂ ಅಂತಾರೆ, ಅದನ್ನು ಬಿಡುತ್ತದೆ. ಅದನ್ನು ತೆಗೆಯೋಕೆ ಮತ್ತೆ ಡಿಎ (ಡ್ಯುಯಲ್ ಆ್ಯಕ್ಷನ್, ನೀವೆಲ್ಲ ಹೇಳುತ್ತಿರುವ ಆರ್ಬಿಟಲ್) ಮಿಷನ್ನೇ ಬೇಕು.

ಮೈಕ್ರಾನ್
ಎಲ್ಲರೂ ಮಿಷನ್ ಎಷ್ಟು ಕಟ್ ಮಾಡುತ್ತದೆ, ಅಂದರೆ ಪೇಂಟಿನ ಮೇಲ್ಪದರ ಎಷ್ಟು ಸವೆಸುತ್ತದೆ ಅಂತ ಲೆಕ್ಕ ಹಾಕುತ್ತಿದ್ದೀರಿ. ಕಟ್ ಮಾಡೋಕೆ ಎಷ್ಟು ಉಳಿದಿದೆ ಅಂತ ಯಾರೂ ಕೇಳಲಿಲ್ಲ. ಈಗಿನ ಗಾಡಿಗಳ ಕ್ಲಿಯರ್ ಕೋಟು ಸಾಮಾನ್ಯವಾಗಿ 35ರಿಂದ 50 ಮೈಕ್ರಾನ್ (ಮಿಮೀಯ ಸಾವಿರದಲ್ಲಿ ಒಂದು ಪಾಲು ಒಂದು ಮೈಕ್ರಾನ್). ತಲೆಕೂದಲು ಒಂದರ ದಪ್ಪವೇ ಸುಮಾರು 70. ಆ 50ರಲ್ಲಿ ಪೂರ್ತಿ ನಿಮ್ಮದೂ ಅಲ್ಲ. ಬಿಸಿಲಿನಿಂದ ಬಣ್ಣ ಕಾಯುವ ಅಂಶ ಇರುವುದು ಅದರೊಳಗೇ. ತೆಳು ಮಾಡುತ್ತಾ ಹೋದರೆ ಕೆಲವು ವರ್ಷಕ್ಕೆ ಮೇಲ್ಮೈ ಬಿಳಿಚಿ ಪೊರೆ ಏಳುತ್ತದೆ. ಆಮೇಲೆ ಪಾಲಿಶ್ ಇಲ್ಲ, ಪೇಂಟೇ.

ಕಾಂಪೌಂಡ್ ಹಾಕಿ ಗಟ್ಟಿ ಉಜ್ಜಿದರೆ ಒಂದೆರಡು ಮೈಕ್ರಾನ್, ಕೆಲವು ಸಲ ಇನ್ನೂ ಜಾಸ್ತಿ ಹೋಗುತ್ತದೆ. ಫಿನಿಶಿಂಗ್ ಪಾಲಿಶ್‌ನಲ್ಲಿ ಅದಕ್ಕಿಂತ ತುಂಬಾ ಕಡಿಮೆ. ಇವರು ಗಟ್ಟಿ ಕೆಲಸ ಮಾಡುವುದು ಒಂದೇ ಸಲ, ಆಮೇಲೆ ಅಪರೂಪಕ್ಕೆ ಹಗುರ ಪಾಲಿಶ್. ಅಂಥವರಿಗೆ ಕಟ್ ಮಾಡುವ ತಾಕತ್ತಿನ ಮೇಲೆ ಮಿಷನ್ ಆರಿಸುವುದೇ ತಪ್ಪು ಲೆಕ್ಕ. ಯಾವ ಮಿಷನ್ ನಯವಾಗಿ ಮುಗಿಸುತ್ತದೆ, ಯಾವುದು ನಿಮ್ಮ ಗಾಡಿಯ ಮೈ ಮೇಲೆ ಸಪಾಟಾಗಿ ಕೂರುತ್ತದೆ, ಅದನ್ನು ನೋಡಿ.

ಪೇಂಟ್ ಗೇಜ್ ಸಿಕ್ಕರೆ ಒಂದು ಸುತ್ತು ಅಳೆದುಕೊಳ್ಳಿ. ಅದು ತೋರಿಸುವುದು ಪ್ರೈಮರ್, ಬಣ್ಣ, ಕ್ಲಿಯರ್ ಕೋಟು ಎಲ್ಲ ಸೇರಿದ ದಪ್ಪ. ಕ್ಲಿಯರ್ ಒಂದನ್ನೇ ಅಲ್ಲ. ಒಂದು ಬಾಗಿಲು 120, ಪಕ್ಕದ್ದು 250 ತೋರಿಸಿದರೆ ಆ 250ರ ಬಾಗಿಲಿಗೆ ಹಿಂದೆ ಏನೋ ಆಗಿದೆ. ಪ್ಲಾಸ್ಟಿಕ್ ಬಂಪರ್ ಮೇಲೆ ಸಾಮಾನ್ಯ ಗೇಜ್ ಕೆಲಸ ಮಾಡುವುದಿಲ್ಲ, ಅದಕ್ಕೆ ಅಲ್ಟ್ರಾಸೋನಿಕ್ ಬೇಕು.

ಸುಮ್ನೆಓದೋನು
ಮಧ್ಯೆ ಬಂದಿದ್ದಕ್ಕೆ ಬೇಜಾರಾಗಬೇಡಿ. ಮನೆಯಲ್ಲಿ ಮರಗೆಲಸದ ರಾಂಡಮ್ ಆರ್ಬಿಟ್ ಸ್ಯಾಂಡರ್ ಇದೆ. ಪೇಪರ್ ತೆಗೆದು ಫೋಮ್ ಪ್ಯಾಡ್ ಅಂಟಿಸಿದರೆ ಅದೂ ಆರ್ಬಿಟಲ್ ಅಲ್ವಾ? ಇಲ್ಲಾಂದ್ರೆ ಡ್ರಿಲ್‌ಗೆ ಹಾಕುವ ಪಾಲಿಶ್ ತಲೆ?

ಪ್ಯಾಡ್‌ಮೇಷ್ಟ್ರು
ಹೆಸರು ಒಂದೇ, ಕೆಲಸ ಬೇರೆ. ಸ್ಯಾಂಡರ್‌ನ ಥ್ರೋ ಸಾಮಾನ್ಯವಾಗಿ 2ರಿಂದ 5 ಮಿಮೀ, ವೇಗ 12000 ಸುತ್ತಿನವರೆಗೂ. ಅಷ್ಟು ಚಿಕ್ಕ ಅಲುಗಾಟವನ್ನು ಫೋಮೇ ನುಂಗಿ ಹಾಕುತ್ತದೆ. ಪ್ಯಾಡಿನ ಮುಖ ಪೇಂಟಿನ ಮೇಲೆ ಓಡುವ ಬದಲು ಫೋಮಿನ ಒಳಗೇ ಬಿಸಿ ಏರುತ್ತದೆ. ವ್ಯಾಕ್ಸ್ ಹರಡೋಕೆ ಬೇಕಾದರೆ ಅತಿ ಕಡಿಮೆ ವೇಗದಲ್ಲಿ ಬಳಸಿ. ಗೀರು ಹೋಗುವುದಿಲ್ಲ.

ಡ್ರಿಲ್ ತಲೆ ಅಂದರೆ ಅದು ರೋಟರಿ, ಅದೂ ಬ್ಯಾಲೆನ್ಸ್ ಇಲ್ಲದ್ದು. ಮಂಕಾದ ಹೆಡ್‌ಲೈಟಿಗೆ ಪರವಾಗಿಲ್ಲ. ಆಂಗಲ್ ಗ್ರೈಂಡರ್‌ಗೆ ಪ್ಯಾಡ್ ಸಿಗಿಸುವ ಯೋಚನೆ ಯಾರಿಗಾದರೂ ಇದ್ದರೆ ಇಲ್ಲೇ ಬಿಟ್ಟುಬಿಡಿ. 10000 ಆರ್‌ಪಿಎಂನಲ್ಲಿ ಪೇಂಟು ಉಳಿಯಲ್ಲ.

ವೈರ್‌ಬೇಡ
ಬ್ಯಾಟರಿ ಮಿಷನ್ ಬಗ್ಗೆ ಯಾರೂ ಮಾತೇ ಎತ್ತಲಿಲ್ಲ? ಒಂದು ಸಲ ವೈರಿಲ್ಲದ್ದು ಹಿಡಿದವರು ಹಿಂದಕ್ಕೆ ಹೋಗಲ್ಲ. ವೈರು ಬಾಗಿಲಿಗೆ ಉಜ್ಜುವುದಿಲ್ಲ, ಕಾಲಿಗೆ ಸುತ್ತುವುದಿಲ್ಲ.

ಮೈಕ್ರಾನ್
ಲೆಕ್ಕ ಹಾಕಿ ತಗೊಳ್ಳಿ. 18 ವೋಲ್ಟ್, 5 ಆಂಪ್-ಅವರ್ ಬ್ಯಾಟರಿ ಅಂದರೆ 90 ವಾಟ್-ಅವರ್. ಮಿಷನ್ ಸರಾಸರಿ 270 ವಾಟ್ ಎಳೆದರೂ 20 ನಿಮಿಷಕ್ಕೆ ಖಾಲಿ. ಪೂರ್ತಿ ಗಾಡಿ ಸರಿ ಮಾಡುವುದು ಗಂಟೆಗಟ್ಟಲೆ ಕೆಲಸ. ಬ್ಯಾಟರಿ ಮೂರ್ನಾಲ್ಕು ಇರಬೇಕು, ಚಾರ್ಜರ್ ನಿಲ್ಲದೆ ಓಡುತ್ತಿರಬೇಕು. ಅದೇ ಕಂಪನಿಯ ಡ್ರಿಲ್ಲು, ಬ್ಯಾಟರಿ ಆಗಲೇ ಮನೆಯಲ್ಲಿ ಇದ್ದರೆ ಮಾತು ಬೇರೆ. ಪಿಲ್ಲರ್, ಕನ್ನಡಿ, ಹ್ಯಾಂಡಲ್ ಸುತ್ತ ಮಾಡುವ 3 ಇಂಚಿನ ಚಿಕ್ಕ ಮಿಷನ್ ಬ್ಯಾಟರಿಯದ್ದೇ ಇರಲಿ ಅಂತ ನಾನೂ ಹೇಳುತ್ತೇನೆ. ದೊಡ್ಡದಕ್ಕೆ ವೈರೇ ಸರಿ, ಹೆಗಲ ಮೇಲೆ ಹಾಕಿಕೊಂಡರೆ ಮುಗಿಯಿತು.

ವೈರ್‌ಬೇಡ
ಎರಡು ಬ್ಯಾಟರಿ ಇಟ್ಟುಕೊಂಡು ಇವತ್ತು ಎರಡು ಪ್ಯಾನೆಲ್, ಮುಂದಿನ ವಾರ ಎರಡು ಅಂತ ಮಾಡುವವರೂ ಇದ್ದೇವೆ ಸ್ವಾಮಿ. ಮನೆ ಕೆಲಸ ಅಲ್ವಾ, ಯಾರು ಓಡಿಸಿಕೊಂಡು ಬರುತ್ತಾರೆ?

ನೀಲಿಬಾನೆಟ್
ಎಲ್ಲರಿಗೂ ಥ್ಯಾಂಕ್ಸ್. ಟೇಪ್ ಹಿಡಿದು ಗಾಡಿ ಸುತ್ತ ಬಂದೆ. 6 ಇಂಚು ಪ್ಯಾಡ್ ಆರಾಮಾಗಿ ಕೂರುವುದು ಬಾನೆಟ್, ರೂಫ್, ಡಿಕ್ಕಿ, ಬಾಗಿಲಿನ ಮೇಲರ್ಧ ಅಷ್ಟೇ. ಬಂಪರ್ ಪೂರ್ತಿ ಡೊಂಕು. ಬಾಗಿಲಿನ ಕೆಳಗೆ ಚೂಪು ಗೆರೆ. ಹಾಗಾದರೆ 21 ಲಿಸ್ಟಿನಿಂದ ಹೊರಗೆ, ಸರೀನಾ? 15ಕ್ಕೂ 12ಕ್ಕೂ ನಡುವೆ ಇದ್ದೇನೆ.

ಗೇರ್‌ಪ್ರಿಯ
21 ಬಿಟ್ಟಿದ್ದು ಸರಿ. ಅದು 6 ಇಂಚಿನ ಪ್ಲೇಟು, 7 ಇಂಚಿನ ಪ್ಯಾಡಿನ ಮಿಷನ್. ವ್ಯಾನು, ಎಸ್‌ಯುವಿ ಥರ ದೊಡ್ಡ ಸಪಾಟು ಮೈಗೆ ಹೇಳಿ ಮಾಡಿಸಿದ್ದು. 12 ಆಗಲಿ 15 ಆಗಲಿ, 5 ಇಂಚಿನ ಪ್ಲೇಟ್ ಇರುವುದು ತಗೊಳ್ಳಿ. ನನ್ನ ಪಕ್ಷ ಬಿಟ್ಟು ಹೇಳುತ್ತಿದ್ದೇನೆ, ಮೊದಲ ಮಿಷನ್‌ಗೆ ಅದು ಸಾಕು.

ಇನ್ನೊಂದು ವಿಷಯ. ಮಿಷನ್ ಜೊತೆ ಬರುವ ಪುಸ್ತಕದಲ್ಲಿ ಕಂಪನದ ಅಂಕಿ ಇರುತ್ತದೆ, ಮೀಟರ್ ಪರ್ ಸೆಕೆಂಡ್ ಸ್ಕ್ವೇರ್ ಅಂತ. ಯಾರೂ ಓದಲ್ಲ, ನೀವು ಓದಿ. ಯುರೋಪಿನ 2002ರ ನಿಯಮದ ಪ್ರಕಾರ, ಕೆಲಸಗಾರರ ಕೈಗೆ 8 ಗಂಟೆಯ ಸರಾಸರಿ 2.5 ದಾಟಿದರೆ ಮಾಲೀಕರು ಕ್ರಮ ತಗೊಳ್ಳಬೇಕು, 5 ದಾಟಲೇ ಬಾರದು. ಮನೆಯಲ್ಲಿ ಯಾರೂ 8 ಗಂಟೆ ದಿನಾ ಹಿಡಿಯಲ್ಲ, ನಿಜ. ಆದರೆ ಎರಡು ಮಿಷನ್ ನಡುವೆ ತೂಗುವಾಗ ಈ ಅಂಕಿ ವಾಟ್‌ಗಿಂತ ಜಾಸ್ತಿ ಹೇಳುತ್ತದೆ. ಬೆರಳು ಜುಮ್ಮೆಂದ ಮೇಲೆ ಯಾರ ಕೈಯೂ ನೆಟ್ಟಗೆ ಓಡಲ್ಲ.

ಪ್ಯಾಡ್‌ಮೇಷ್ಟ್ರು
ಮಿಷನ್ ವಿಷಯ ಮುಗಿಯಿತು ಅಂದುಕೊಳ್ಳೋಣ. ಈಗ ಎಲ್ಲರೂ ಮರೆಯುವ ಪ್ಯಾಡು. ಒಳ್ಳೇ ಮಿಷನ್‌ಗೆ ಎರಡೇ ಪ್ಯಾಡ್ ಹಾಕಿ ಗಾಡಿ ಪೂರ್ತಿ ಮಾಡುವವನಿಗಿಂತ, ಸಾಧಾರಣ ಮಿಷನ್ ಜೊತೆ ಆರೇಳು ಪ್ಯಾಡ್ ಇಟ್ಟುಕೊಂಡವನ ಕೆಲಸ ಚೆನ್ನಾಗಿ ಬರುತ್ತದೆ. ಪ್ಯಾಡು ಕಾಂಪೌಂಡ್ ಕುಡಿದು ಒದ್ದೆಯಾಗಿ ಮೆತ್ತಗಾದರೆ ಕಟ್ ಆಗುವುದಿಲ್ಲ, ಬಿಸಿ ಮಾತ್ರ ಏರುತ್ತದೆ. ಒಂದೆರಡು ಪ್ಯಾನೆಲ್‌ಗೆ ಒಂದು ಬದಲಿಸಿ. ನಡುನಡುವೆ ಬ್ರಷ್‌ನಿಂದ ಉಜ್ಜಿ ಕೆರಕಲು ತೆಗೆಯಿರಿ.

ಬಣ್ಣ ನೋಡಿ ಪ್ಯಾಡ್ ತಗೊಳ್ಳಬೇಡಿ. ಒಂದು ಕಂಪನಿಯ ಹಳದಿ ಕಟಿಂಗ್, ಇನ್ನೊಂದರ ಹಳದಿ ಪಾಲಿಶಿಂಗ್. ಎಲ್ಲರಿಗೂ ಒಂದೇ ನಿಯಮ ಅಂತ ಇಲ್ಲ. ದೊಡ್ಡ ಥ್ರೋ ಮಿಷನ್‌ಗೆ ತೆಳ್ಳಗಿನ ಪ್ಯಾಡು ಬೇಕು, ದಪ್ಪ ಪ್ಯಾಡ್ ಅಲುಗಾಟವನ್ನೇ ತಿಂದುಬಿಡುತ್ತದೆ. ಫೋಮಿನ ನಡುವೆ ತೂತು ಇರುವುದು ಒಳ್ಳೇದು, ಬಿಸಿ ಸೇರುವುದು ಅಲ್ಲೇ.

ಇನ್ನು ಬ್ಯಾಕಿಂಗ್ ಪ್ಲೇಟು. ಮಿಷನ್ನಿನ ಒಳಗೆ ಪ್ಲೇಟು, ಪ್ಯಾಡಿನ ತೂಕ ಸರಿತೂಗಿಸುವ ಕೌಂಟರ್‌ವೇಟ್ ಇರುತ್ತದೆ. 5 ಇಂಚಿನದಕ್ಕೆ ಕೂಡಿಸಿದ ಮಿಷನ್‌ಗೆ 3 ಇಂಚಿನ ಪ್ಲೇಟ್ ಸಿಗಿಸಿದರೆ ಥರಥರ ನಡುಗುತ್ತದೆ. ಚಿಕ್ಕ ಪ್ಯಾಡನ್ನು ಪೂರ್ತಿ ವೇಗದಲ್ಲಿ ಓಡಿಸಿದರೆ ವೆಲ್ಕ್ರೋ ಕೊಕ್ಕೆಗಳು ಕರಗಿ ಮೊಂಡಾಗುತ್ತವೆ. ಮುಟ್ಟಿ ನೋಡಿದರೆ ಗೊತ್ತಾಗುತ್ತದೆ, ಹೊಸದು ಬೆರಳಿಗೆ ಚುಚ್ಚುತ್ತದೆ, ಕರಗಿದ್ದು ನುಣುಪಾಗಿರುತ್ತದೆ. ಅಂಥ ಪ್ಲೇಟಿನಿಂದ ಪ್ಯಾಡು ಯಾವಾಗ ಹಾರುತ್ತದೆ ಅಂತ ಹೇಳೋಕಾಗಲ್ಲ. ಡೊಂಕು ಜಾಗಕ್ಕೆ ಮುಂದೆ ಯಾವತ್ತಾದರೂ ಬೇರೆ ಚಿಕ್ಕ ಮಿಷನ್ ತಗೊಳ್ಳಿ. ಅಲ್ಲಿಯವರೆಗೆ ಕೈಯಲ್ಲೇ ಉಜ್ಜಿ, ನಾಚಿಕೆ ಏನಿಲ್ಲ.

ಹಳೇಗಾಡಿ
ಬಿಳಿ ಗಾಡಿ ತಗೊಂಡಿದ್ದರೆ ಈ ರಾಮಾಯಣವೇ ಇರುತ್ತಿರಲಿಲ್ಲ.

ನೀಲಿಬಾನೆಟ್
15 ಮಿಮೀ, 5 ಇಂಚಿನ ಪ್ಲೇಟಿನದ್ದು ಬಂತು. ತೊಳೆದು, ಕಬ್ಬಿಣದ ಪುಡಿ ಕರಗಿಸುವ ಸ್ಪ್ರೇ ಹೊಡೆದು, ಅಂಟಿದ ಕೊಳೆ ಎತ್ತುವ ಜೇಡಿಯಂಥ ಕ್ಲೇ ಬಾರ್ ಎಳೆದು, ಡಿಕ್ಕಿಯ ಮೇಲೆ ಒಂದೂವರೆ ಅಡಿ ಚೌಕ ಟೇಪ್ ಹಾಕಿ ಟೆಸ್ಟ್ ಸ್ಪಾಟ್ ಮಾಡಿದೆ. ಮೈಕ್ರೋಫೈಬರ್ ಕಟಿಂಗ್ ಪ್ಯಾಡು, ಮಧ್ಯಮ ಕಾಂಪೌಂಡು. ಗೀರು ಮಾಯ! ಆದರೆ ಟಾರ್ಚ್ ಹಿಡಿದು ಪಕ್ಕದಿಂದ ನೋಡಿದರೆ ನೀಲಿ ಸ್ವಲ್ಪ ಬೂದಿ ಹೊಡೆಯುತ್ತದೆ, ತೆಳು ಮಂಜು ಕವಿದ ಹಾಗೆ. ಮಿಷನ್ ತಪ್ಪಾ, ಪ್ಯಾಡ್ ತಪ್ಪಾ?

ಮೈಕ್ರಾನ್
ಯಾವುದೂ ತಪ್ಪಲ್ಲ. ನಿಮ್ಮ ಪೇಂಟು ಮೆದು, ಪ್ಯಾಡು ಒರಟು. ಹಳೇ ಗೀರು ಹೋಗಿ ಆ ಜಾಗದಲ್ಲಿ ಪ್ಯಾಡಿನ ನಾರುಗಳ ಅತಿ ಸಣ್ಣ ಗೀರು ಕೂತಿದೆ. ಮೈಕ್ರೋಫೈಬರ್ ಎತ್ತಿಡಿ. ಇನ್ನೊಂದು ಚೌಕ ಟೇಪ್ ಹಾಕಿ ಫೋಮ್ ಪಾಲಿಶಿಂಗ್ ಪ್ಯಾಡು, ಫಿನಿಶಿಂಗ್ ಪಾಲಿಶ್ ಇವೆರಡರಿಂದಲೇ ಶುರು ಮಾಡಿ. ಮೆದು ಪೇಂಟಿನಲ್ಲಿ ಎಷ್ಟೋ ಸಲ ಅಷ್ಟಕ್ಕೇ ಕೆಲಸ ಮುಗಿಯುತ್ತದೆ, ಕಾಂಪೌಂಡ್ ಹಂತವೇ ಬೇಡ. ಮೈಕ್ರಾನೂ ಉಳಿಯುತ್ತದೆ.

ಪ್ರತಿ ಸಲ ನೋಡುವ ಮುಂಚೆ ನೀರು ಬೆರೆಸಿದ ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಒರೆಸಿ. ಪಾಲಿಶಿನ ಎಣ್ಣೆ ಗೀರಿನೊಳಗೆ ತುಂಬಿಕೊಂಡು ಸುಳ್ಳು ಹೇಳುತ್ತದೆ. ಎರಡು ವಾರ ಬಿಟ್ಟು ಗೀರು ವಾಪಸ್ ಬಂತು ಅಂತ ಗೋಳಾಡುವವರಲ್ಲಿ ಮುಕ್ಕಾಲು ಜನರದ್ದು ಇದೇ ಕಥೆ. ಅವು ಹೋಗಿರಲೇ ಇಲ್ಲ.

ಪ್ಯಾಡ್‌ಮೇಷ್ಟ್ರು
ಕೈ ವೇಗವನ್ನೂ ನೋಡಿಕೊಳ್ಳಿ. ಹೊಸಬರು ನೆಲ ಒರೆಸುವ ಹಾಗೆ ಓಡಿಸುತ್ತಾರೆ. ಸೆಕೆಂಡಿಗೆ 2–3 ಸೆಂಮೀ ಸಾಕು. ಹೋದ ಸಾಲಿನ ಅರ್ಧದ ಮೇಲೆ ಮುಂದಿನ ಸಾಲು ಬರಬೇಕು. ಒಂದು ಸಲ ಅಡ್ಡ, ಒಂದು ಸಲ ಉದ್ದ. ಒಂದು ಚೌಕಕ್ಕೆ ಕಡಲೆಕಾಳಿನಷ್ಟು ನಾಲ್ಕು ಹನಿ. ಪ್ಯಾಡು ಪೇಂಟಿಗೆ ತಾಗಿದ ಮೇಲೆ ಸ್ವಿಚ್ ಒತ್ತಿ, ನಿಂತ ಮೇಲೆ ಎತ್ತಿ. ಕೊನೆಯ ಸಾಲುಗಳಲ್ಲಿ ಮಿಷನ್ನಿನ ತೂಕವೇ ಸಾಕು, ಮೇಲಿನಿಂದ ಒತ್ತಬೇಡಿ. ಬಾಗಿಲಿನ ಚೂಪು ಗೆರೆಗಳ ಮೇಲೆ ಕ್ಲಿಯರ್ ಕೋಟು ತೆಳ್ಳಗಿರುತ್ತದೆ, ಅಲ್ಲಿ ಟೇಪ್ ಹಾಕಿ ಕೊನೆಗೆ ಕೈಯಲ್ಲಿ ಮಾಡಿ. ಬಂಪರ್ ಪ್ಲಾಸ್ಟಿಕ್, ಬಿಸಿ ಅಲ್ಲೇ ನಿಲ್ಲುತ್ತದೆ. ವೇಗ ಇಳಿಸಿ, ಆಗಾಗ ಅಂಗೈ ಇಟ್ಟು ನೋಡಿ.

ಸುಮ್ನೆಓದೋನು
ನಮ್ಮ ಭಾವನ ಗಾಡಿ ಮ್ಯಾಟ್ ಫಿನಿಶ್. ಅದಕ್ಕೂ ಇದೇ ಕ್ರಮಾನಾ?

ಗೇರ್‌ಪ್ರಿಯ
ಬೇಡ ಬೇಡ! ಮ್ಯಾಟ್ ಮೇಲೆ ಯಾವ ಪಾಲಿಶರ್ರೂ ಬೇಡ. ಉಜ್ಜಿದ ಜಾಗ ಹೊಳೆಯೋಕೆ ಶುರುವಾದರೆ ಮತ್ತೆ ಮ್ಯಾಟ್ ಆಗಲ್ಲ, ಆ ಪ್ಯಾನೆಲ್ ಪೂರ್ತಿ ಪೇಂಟ್ ಮಾಡಿಸಬೇಕು. ತೊಳೆದು ಬಿಡೋಕೆ ಹೇಳಿ. ಹಾಗೇ, ಸೆರಾಮಿಕ್ ಕೋಟಿಂಗ್ ಮಾಡಿಸಿರುವವರು ಯಾರಾದರೂ ಓದುತ್ತಿದ್ದರೆ, ಪಾಲಿಶ್ ಮಾಡಿದರೆ ಆ ಕೋಟಿಂಗೂ ಹೋಗುತ್ತದೆ.

ನೀಲಿಬಾನೆಟ್
ಫೋಮ್ + ಫಿನಿಶಿಂಗ್ ಪಾಲಿಶ್‌ನಲ್ಲಿ ಮಂಜು ಪೂರ್ತಿ ಹೋಯಿತು. ಒಂದೆರಡು ಆಳದ ಗೀರು ಉಳಿದಿವೆ, ಉಗುರಿಗೆ ತಗಲುತ್ತವೆ. ಇನ್ನೊಂದು ಸುತ್ತು ಹಾಕಲಾ?

ಮೈಕ್ರಾನ್
ಉಗುರಿಗೆ ತಗಲುವುದನ್ನು ಬಿಟ್ಟುಬಿಡಿ. ಅದನ್ನು ತೆಗೆಯೋಕೆ ಹೋದರೆ ಸುತ್ತಲಿನ ಕ್ಲಿಯರ್ ಕೋಟು ಅದರ ತಳದವರೆಗೂ ಇಳಿಸಬೇಕು. ಅಂಚು ಮೆತ್ತಗಾದರೆ ದೂರಕ್ಕೆ ಕಾಣಲ್ಲ.

ನೀಲಿಬಾನೆಟ್
ಸರಿ. ಕೊನೇ ಪ್ರಶ್ನೆ, ಪ್ಯಾಡ್ ತೊಳೆಯೋದು ವಾಷಿಂಗ್ ಮಿಷನ್‌ನಲ್ಲಾ?

ಪ್ಯಾಡ್‌ಮೇಷ್ಟ್ರು
ಫೋಮ್ ಬೇಡ, ಹಿಂದಿನ ವೆಲ್ಕ್ರೋ ಅಂಟು ಬಿಡುತ್ತದೆ. ಉಗುರುಬೆಚ್ಚಗಿನ ನೀರು, ಸ್ವಲ್ಪ ಸೋಪು, ಕೈಯಲ್ಲಿ ಒತ್ತಿ ಹಿಂಡಿ. ತಿರುಚಬೇಡಿ. ಕೆಲಸ ಮುಗಿದ ದಿನವೇ ತೊಳೆಯಿರಿ, ಕಾಂಪೌಂಡ್ ಒಣಗಿದರೆ ಕಲ್ಲಾಗುತ್ತದೆ. ಮುಖ ಕೆಳಗೆ ಮಾಡಿ ನೆರಳಲ್ಲಿ ಒಣಗಿಸಿ, ನೀರು ಅಂಟಿನ ಕಡೆಗೆ ಇಳಿಯಬಾರದು. ಕಟಿಂಗ್ ಪ್ಯಾಡು, ಫಿನಿಶಿಂಗ್ ಪ್ಯಾಡು ಬೇರೆ ಬೇರೆ ಚೀಲದಲ್ಲಿಡಿ.